ಕೈಕೊಟ್ಟ ಹುಡುಗನ ಫೋನ್ ಬಂದಾಗ

ನವೆಂಬರ್ ಕೊನೆಯ ಒಂದು ರಾತ್ರಿ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ತಂಗಿಯ ಮಗನ ಫೋನ್ ಬಂತು. ಅವನು ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವನು, ಈಗ ಒಂದು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಕಿರಿಯ ಕೋಚ್. "ಮಾವ, ಹುಡುಗ ಕೈಕೊಟ್ಟ" ಎಂದ. ಜೂನ್‌ನಲ್ಲೇ ನಿಮ್ಮ ಕಾಲೇಜಿಗೇ ಬರುತ್ತೇನೆ ಎಂದು ಒಪ್ಪಿಕೊಂಡಿದ್ದ ಹದಿನೇಳರ ಹುಡುಗ, ಸಹಿಗೆ ಇನ್ನೊಂದು ವಾರ ಇದೆ ಅನ್ನುವಾಗ ಬೇರೆ ಕಡೆ ಹೋಗುತ್ತೇನೆ ಅಂದನಂತೆ. ಇವನು ಒಂದೂವರೆ ವರ್ಷ ಆ ಹುಡುಗನ ಹಿಂದೆ ಓಡಾಡಿದ್ದ. ಅವರ ಅಡುಗೆಮನೆಯಲ್ಲಿ ಕೂತು ಅಜ್ಜಿ ಮಾಡಿದ ಪೀಚ್ ಕಾಬ್ಲರ್ ತಿಂದಿದ್ದ. ಅಜ್ಜಿಗೆ ಮಂಡಿಯ ಆಪರೇಷನ್ ಆದಾಗ ಹೂವು ಕಳಿಸಲು ಕಾಲೇಜಿನ ನಿಯಮ ಬಿಡುವುದಿಲ್ಲವೆಂದು ಪೇಚಾಡಿದ್ದ. "ಹುಡುಗನಿಗೆ ಏನು ಹೇಳಿದೆಯೋ?" ಎಂದು ಕೇಳಿದೆ. "ಏನೂ ಹೇಳಲಿಲ್ಲ ಮಾವ. ಫೋನ್ ಇಟ್ಟುಬಿಟ್ಟೆ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಟೆಕ್ಸಸ್‌ನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವನು ನಾನು. ಇಂಥ ಫೋನ್ ಮಾಡುವ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಂಥ ಬೇರೆ ತರುಣರೂ ಓದಲಿ, ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಕನ್ನಡದವರೂ ಓದಲಿ.

ಊರಿನಲ್ಲಿರುವ ಓದುಗರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ತುದಿ ಚೂಪಾದ ಉದ್ದನೆಯ ಚೆಂಡನ್ನು ಹಿಡಿದು ಓಡುವ ಆಟ. ಒಳ್ಳೆಯ ಆಟಗಾರರನ್ನು ಕಾಲೇಜುಗಳು ಹೈಸ್ಕೂಲಿನಲ್ಲೇ ಹುಡುಕಿ ವಿದ್ಯಾರ್ಥಿವೇತನದ ಆಫರ್ ಕೊಡುತ್ತವೆ. ಹುಡುಗ ಬಾಯಲ್ಲಿ ಒಪ್ಪಿದರೆ 'ಕಮಿಟ್' ಆದ ಅನ್ನುತ್ತಾರೆ. ಆ ಒಪ್ಪಿಗೆ ಹುಡುಗನನ್ನೂ ಕಟ್ಟಿಹಾಕುವುದಿಲ್ಲ, ಕಾಲೇಜನ್ನೂ ಕಟ್ಟಿಹಾಕುವುದಿಲ್ಲ. ನಮ್ಮಲ್ಲಿ ಹೆಣ್ಣು ನೋಡಿ ಬಂದ ಮೇಲೆ 'ಮಾತುಕತೆ ಆಗಿದೆ' ಅನ್ನುತ್ತಾರಲ್ಲ, ಅಷ್ಟೇ. ವೀಳ್ಯ ಬದಲಾಯಿಸಿಕೊಳ್ಳುವುದು ಸಹಿಯ ದಿನ. ಬಹಳ ಕಾಲ ಅದು ಫೆಬ್ರವರಿಯ ಮೊದಲ ಬುಧವಾರ ಶುರುವಾಗುತ್ತಿತ್ತು. 2017ರಿಂದ ಡಿಸೆಂಬರ್‌ನಲ್ಲೂ ಅವಕಾಶ ಕೊಟ್ಟರು, ಈಗ ಹೆಚ್ಚಿನವರು ಆಗಲೇ ಸಹಿ ಹಾಕಿಬಿಡುತ್ತಾರೆ. 1964ರಿಂದ ನಡೆದುಬಂದಿದ್ದ 'ಲೆಟರ್ ಆಫ್ ಇಂಟೆಂಟ್' ಎಂಬ ಕಾಗದವನ್ನು 2024ರಲ್ಲಿ ಕೈಬಿಟ್ಟು, ಆ ಜಾಗಕ್ಕೆ ಹಣಕಾಸಿನ ನೆರವಿನ ಒಪ್ಪಂದವನ್ನು ತಂದರು.

ನೋಡಪ್ಪಾ, ಮೊದಲು ಆ 'ಕೈಕೊಟ್ಟ' ಅನ್ನುವ ಮಾತು ಬಿಡು. ಮಾತುಕತೆಯ ಹಂತದಲ್ಲಿ ಸಂಬಂಧ ಮುರಿದರೆ ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೆ ತಾಳಿ ಕಟ್ಟಿದವನು ಬಿಟ್ಟು ಓಡಿದ ಹಾಗೆ ಆಡಬಾರದು. ನಿನ್ನದೇ ಕಸುಬಿನ ದೊಡ್ಡವರನ್ನು ನೋಡು. 2021ರ ನವೆಂಬರ್ 28ರಂದು ಲಿಂಕನ್ ರೈಲಿ ಒಕ್ಲಹೋಮ ಬಿಟ್ಟು ಯುಎಸ್‌ಸಿಗೆ ಹೊರಟರು. ಅದರ ಬೆನ್ನಿಗೇ ಬ್ರಯನ್ ಕೆಲ್ಲಿ ನೋಟ್ರ ಡೇಮ್ ಬಿಟ್ಟು ಎಲ್‌ಎಸ್‌ಯುಗೆ ಹೋದರು. ಆ ವರ್ಷ ಹುಡುಗರು ಸಹಿ ಹಾಕಬೇಕಾಗಿದ್ದು ಡಿಸೆಂಬರ್ 15ಕ್ಕೆ. ನಿಕ್ ಸೇಬನ್ ಅಲಬಾಮದಲ್ಲಿ ನಿವೃತ್ತಿ ಹೇಳಿದ್ದು 2024ರ ಜನವರಿ 10ರಂದು, ಅವರನ್ನು ನಂಬಿದ ಹುಡುಗರು ಡಿಸೆಂಬರ್‌ನಲ್ಲೇ ಸಹಿ ಹಾಕಿ ಆಗಿತ್ತು. ಅವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಮನುಷ್ಯನ ಬದುಕಿನಲ್ಲಿ ಒಂದು ಬಾಗಿಲು ತೆರೆದಾಗ, ಒಂದು ಮುಚ್ಚಿದಾಗ, ಹಿಂದೆ ಆಡಿದ ಮಾತು ನಡೆಸಲಾಗದೆ ಹೋಗಬಹುದು. ಮೂವತ್ತು, ಅರವತ್ತು, ಎಪ್ಪತ್ತು ದಾಟಿದವರಿಗೆ ನಾವು ಕೊಡುವ ಆ ರಿಯಾಯಿತಿಯನ್ನು ಇನ್ನೂ ಡ್ರೈವಿಂಗ್ ಲೈಸೆನ್ಸ್‌ನ ಬಣ್ಣ ಮಾಸದ ಹುಡುಗನಿಗೂ ಕೊಡು ಅನ್ನುತ್ತೇನೆ.

ರೊಕ್ವಾನ್ ಸ್ಮಿತ್ ವಿಷಯ ನಿನಗೆ ಗೊತ್ತು, ಆದರೂ ಇನ್ನೊಮ್ಮೆ ನೆನಪಿಸಿಕೋ. ಜಾರ್ಜಿಯಾ ರಾಜ್ಯದ ಮಾಂಟೆಜುಮಾ ಎಂಬ ಸಣ್ಣ ಊರಿನವನು. 2015ರ ಫೆಬ್ರವರಿಯಲ್ಲಿ, ಸಹಿಯ ದಿನ, ಟೀವಿಯ ಮುಂದೆ ಯುಸಿಎಲ್‌ಎ ಕಾಲೇಜಿನ ಗ್ಲೌಸ್ ತೊಟ್ಟು ಅಲ್ಲಿಗೇ ಹೋಗುತ್ತೇನೆ ಎಂದ. ಕಾಗದ ಫ್ಯಾಕ್ಸ್ ಮಾಡುವುದೊಂದು ಬಾಕಿ. ಅಷ್ಟರಲ್ಲಿ ಅಲ್ಲಿಯ ಡಿಫೆನ್ಸ್ ಕೋಚ್ ಜೆಫ್ ಉಲ್ಬ್ರಿಕ್ ಅಟ್ಲಾಂಟಾ ಫಾಲ್ಕನ್ಸ್ ಎಂಬ ವೃತ್ತಿಪರ ತಂಡಕ್ಕೆ ಹೋಗಲಿದ್ದಾರೆ ಎಂಬ ಸುದ್ದಿ ಬಂತು. ಫ್ಯಾಕ್ಸ್ ಹೋಗಲೇ ಇಲ್ಲ. ಕೆಲವು ದಿನ ಕಳೆದು ತನ್ನದೇ ರಾಜ್ಯದ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಹೋದ, ಅದೂ ಲೆಟರ್ ಆಫ್ ಇಂಟೆಂಟ್‌ಗೆ ಸಹಿ ಹಾಕದೆ, ಬರೀ ನೆರವಿನ ಒಪ್ಪಂದದ ಮೇಲೆ. 2017ರಲ್ಲಿ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್ಕಸ್ ಪ್ರಶಸ್ತಿ ಅವನಿಗೇ ಬಂತು, ಮರುವರ್ಷ ವೃತ್ತಿಪರ ಲೀಗಿನ ಡ್ರಾಫ್ಟಿನಲ್ಲಿ ಚಿಕಾಗೋ ಬೇರ್ಸ್ ತಂಡ ಅವನನ್ನು ಎಂಟನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಆದರೆ ನಾನು ಇದನ್ನು ಹೇಳುತ್ತಿರುವುದು ಅವನು ಗೆದ್ದ ಎಂಬುದಕ್ಕಲ್ಲ. ಆ ಹುಡುಗ ಒಂದು ಕಾಲೇಜಿನ ಹೆಸರನ್ನು ನಂಬಿರಲಿಲ್ಲ, ಒಬ್ಬ ಮನುಷ್ಯನನ್ನು ನಂಬಿದ್ದ. ಮಕ್ಕಳು ನಂಬುವುದೇ ಹಾಗೆ. ನಿನ್ನ ಹುಡುಗನೂ ಜೂನ್‌ನಲ್ಲಿ ಹೂಂ ಅಂದಿದ್ದು ನಿನಗೆ. ಆದ್ದರಿಂದಲೇ ಬೇಡ ಅನ್ನಲು ನಿನಗೇ ಫೋನ್ ಮಾಡಿದ.

ಆ ಫೋನಿನ ಇನ್ನೊಂದು ತುದಿ ಹೇಗಿರುತ್ತದೆ ಅಂತ ಹೇಳುತ್ತೇನೆ, ಕೇಳು. ನನ್ನ ಕ್ಲಾಸಿನಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಒಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಂದು, "ಸರ್, ಒಂದು ಫೋನ್ ಮಾಡಬೇಕು, ನೀವು ಇಲ್ಲೇ ಇರ್ತೀರಾ?" ಅಂದ. ಕೈಯಲ್ಲಿ ನಾನೇ ತಿದ್ದಿಕೊಟ್ಟಿದ್ದ ಜ್ಯಾಮಿತಿ ಉತ್ತರಪತ್ರಿಕೆ. ಅದರ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಮೂರು ಸಾಲು ಬರೆದುಕೊಂಡು ಬಂದಿದ್ದ. ತಾಯಿ ರಾತ್ರಿ ಪಾಳಿಗೆ ಹೋಗುವವಳು, ಹಗಲು ಮಲಗಿರುತ್ತಾಳೆ, ಅಪ್ಪ ಇಲ್ಲ. ಹಾಗಾಗಿ ನಾನು. ಅವನು ಬೇರೆ ಕಾಲೇಜು ಆರಿಸಿಕೊಂಡಿದ್ದಕ್ಕೆ ಕಾರಣ ಆಟವೇ ಅಲ್ಲ, ಅಲ್ಲಿಂದ ಮನೆಗೆ ಎರಡು ತಾಸಿನ ಹಾದಿ, ತಮ್ಮನನ್ನು ನೋಡಿಕೊಳ್ಳಬಹುದು ಎಂಬುದು. ಗೋಡೆಯ ಕಡೆ ಮುಖ ಮಾಡಿ ನಿಂತು ನಂಬರ್ ಒತ್ತಿದ. ಮೊದಲ ಸಾಲು ಓದಿದ. ಎರಡನೆಯದನ್ನೂ ಓದಿದ. ಆಮೇಲೆ ಸುಮ್ಮನಾದ. ಫೋನ್ ಕಿವಿಯಲ್ಲೇ ಇತ್ತು, ನಡುನಡುವೆ "ಎಸ್ ಸರ್" ಅನ್ನುತ್ತಿದ್ದ. ನಾನು ಎದ್ದು ಹತ್ತಿರ ಹೋದಾಗ ಗೊತ್ತಾಯಿತು, ಫೋನ್ ಆಗಲೇ ಕಟ್ಟಾಗಿದೆ. ನನ್ನ ಎದುರು ಅವಮಾನ ಆಗಬಾರದೆಂದು ಯಾರೋ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ನಿಂತಿದ್ದ. ಓದಲಾಗದೆ ಉಳಿದ ಮೂರನೆಯ ಸಾಲು ಏನು ಗೊತ್ತೇ? ನನ್ನನ್ನು ನಂಬಿದ ಮೊದಲ ಕೋಚ್ ನೀವೇ, ಅದನ್ನು ಮರೆಯುವುದಿಲ್ಲ ಅಂತ.

ಆ ಕೋಚ್ ಯಾರು, ಯಾವ ಕಾಲೇಜು ಎಂಬುದು ಬೇಡ. ಎರಡು ವರ್ಷದ ಮೇಲೆ ನಮ್ಮ ಶಾಲೆಯ ಇನ್ನೊಬ್ಬ ಹುಡುಗ ಅದೇ ಕೋಚ್‌ಗೆ ಒಪ್ಪಿಗೆ ಕೊಟ್ಟು ಮನಸ್ಸು ಬದಲಾಯಿಸಿದ. ಅವನು ಫೋನೇ ಮಾಡಲಿಲ್ಲ. ನಂಬರ್ ಬ್ಲಾಕ್ ಮಾಡಿ, ಸಹಿಯ ದಿನ ಜಿಮ್ನೇಷಿಯಮ್‌ನಲ್ಲಿ ಹಾಕಿದ್ದ ಮೇಜಿನ ಮುಂದೆ ಕೂತು, ಸಾಲಾಗಿ ಇಟ್ಟಿದ್ದ ಟೋಪಿಗಳಲ್ಲಿ ಬೇರೆಯದನ್ನು ಎತ್ತಿ ತಲೆಗಿಟ್ಟುಕೊಂಡ. ಈ ಹುಡುಗರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯವೇ ಇಲ್ಲ ಎಂದು ಆ ಕೋಚ್ ನಮ್ಮವರ ಹತ್ತಿರ ಕೂಗಾಡಿದರು. ಧೈರ್ಯ ಮಾಡಿದವನಿಗೆ ಏನಾಯಿತು ಎಂಬುದು ನಮ್ಮ ಲಾಕರ್ ರೂಮಿನ ಮಕ್ಕಳಿಗೆಲ್ಲ ಗೊತ್ತಿತ್ತು.

ಹಾಗಾಗಿ ಇಂಥ ಫೋನ್ ಬಂದರೆ ಮೊದಲ ಎರಡು ನಿಮಿಷ ನೀನು ಮಾತಾಡಬೇಡ. ಅವನು ಬರೆದುಕೊಂಡಿದ್ದನ್ನು ಪೂರ್ತಿ ಓದಲಿ. ಆಮೇಲೆ, ಫೋನ್ ಮಾಡಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅನ್ನು, ಅದನ್ನು ಮನಸ್ಸಿನಿಂದ ಅನ್ನು. ನಿನಗೆ ಬೇಜಾರಾಗಿದ್ದರೆ ಬೇಜಾರಾಯಿತು ಎಂದು ಹೇಳುವುದರಲ್ಲಿ ತಪ್ಪಿಲ್ಲ, ಹುಡುಗರು ಅದನ್ನು ತಡೆದುಕೊಳ್ಳುತ್ತಾರೆ. ಒಂದು ಪ್ರಶ್ನೆ ಕೇಳಬಹುದು: ಇದು ನಿನ್ನದೇ ತೀರ್ಮಾನವಾ? ಕೆಲವು ಸಲ ಅಲ್ಲ. ಮನೆಯವರ ಹಟ ಇರುತ್ತದೆ, ಸುತ್ತ ಸೇರಿಕೊಂಡ ಹಿತೈಷಿಗಳ ಲೆಕ್ಕ ಇರುತ್ತದೆ. 2013ರಲ್ಲಿ ಫ್ಲೋರಿಡಾದ ಅಲೆಕ್ಸ್ ಕಾಲಿನ್ಸ್ ಆರ್ಕನ್ಸಾಗೆ ಹೋಗುತ್ತೇನೆ ಅಂದಾಗ ತಾಯಿ ಒಪ್ಪದೆ ಸಹಿಯೇ ಒಂದು ದಿನ ಮುಂದಕ್ಕೆ ಹೋಯಿತು, ಮರುದಿನ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದ. ಇಡೀ ದೇಶ ಅದನ್ನು ಸುದ್ದಿಯಾಗಿ ನೋಡಿತು. ಮನೆಯೊಳಗಿನ ಅಂಥ ಹಗ್ಗಜಗ್ಗಾಟ ನಿನಗೆ ಕಾಣುವುದಿಲ್ಲ. ಹುಡುಗ 'ನನ್ನದೇ' ಅಂದರೆ ಅಲ್ಲಿಗೆ ನಿಲ್ಲಿಸು. ರಾತ್ರಿಯಿಡೀ ಮೆಸೇಜ್ ಕಳಿಸುತ್ತಾ ಕೂರಬೇಡ, ಅವನ ಗೆಳತಿಯ ಮೂಲಕ, ಅವನ ಹೈಸ್ಕೂಲ್ ಕೋಚ್ ಮೂಲಕ ಒತ್ತಡ ತರಬೇಡ.

ದುಡ್ಡಿಗಾಗಿ ಹೋದ ಎಂದು ಹಗುರವಾಗಿ ಆಡಬೇಡ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. 2025ರಲ್ಲಿ ಆಟಗಾರರ ಮೊಕದ್ದಮೆಯಲ್ಲಿ ಕೋರ್ಟ್ ಒಪ್ಪಿದ 'ಹೌಸ್' ಒಪ್ಪಂದದ ಮೇಲೆ ಒಂದು ಕಾಲೇಜು ಮೊದಲ ವರ್ಷ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅಷ್ಟು ಹಣ ಓಡಾಡುವ ಜಾಗದಲ್ಲಿ, ತಿಂಗಳ ಬಾಡಿಗೆಗೆ ತಾಯಿ ಪರದಾಡುವುದನ್ನು ನೋಡಿದ ಹುಡುಗ ಮಾತ್ರ ಲೆಕ್ಕ ಹಾಕಬಾರದೇ? ನಿಮ್ಮ ಕಾಲೇಜು ಎಷ್ಟು ಕೊಡಬಲ್ಲದು ಎಂಬುದನ್ನು ಜೂನ್‌ನಲ್ಲೇ ಬಿಡಿಸಿ ಹೇಳಿದ್ದರೆ ನವೆಂಬರ್‌ನ ಫೋನುಗಳಲ್ಲಿ ಅರ್ಧ ಬರುತ್ತಲೇ ಇರಲಿಲ್ಲ.

ಇನ್ನು ನಿನ್ನ ಕಡೆಯ ಮಾತು. ನಿನಗೆ ಇದು ಹಿಡಿಸಲಿಕ್ಕಿಲ್ಲ, ಆದರೆ ಮಾವನಾಗಿ ನಾನಲ್ಲದೆ ಇನ್ಯಾರು ಹೇಳಬೇಕು? ಇಪ್ಪತ್ತು ಇಪ್ಪತ್ತೈದು ಜಾಗ ಇಟ್ಟುಕೊಂಡು ನೂರಾರು ಹುಡುಗರಿಗೆ ಆಫರ್ ಕೊಡುವ ಕಸುಬು ನಿಮ್ಮದು. ಅದರಲ್ಲಿ ಎಷ್ಟೋ ಆಫರ್‌ಗಳಿಗೆ ಹುಡುಗ 'ಸರಿ, ಬರ್ತೀನಿ' ಅಂದರೆ 'ಸ್ವಲ್ಪ ತಾಳು' ಅನ್ನುವ ಉತ್ತರ ಬರುತ್ತದೆ. ಅವನಿಗೆ ಅದು ಆಫರ್ ಅಲ್ಲವೇ ಅಲ್ಲ ಎಂದು ತಿಳಿಯುವಷ್ಟರಲ್ಲಿ ಬೇರೆ ಕಡೆಯ ಬಾಗಿಲು ಮುಚ್ಚಿರುತ್ತದೆ. ಇನ್ನೊಬ್ಬ ಉತ್ತಮ ಆಟಗಾರ ಸಿಕ್ಕ ಎಂದು ಒಪ್ಪಿಕೊಂಡ ಹುಡುಗನನ್ನು ನವೆಂಬರ್‌ನಲ್ಲಿ ಬಿಡುವುದೂ ಇದೆ. ತೂಕ ನೋಡು: ಹುಡುಗ ಹೋದರೆ ನೀವು ಜನವರಿಯಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಇನ್ನೊಬ್ಬನನ್ನು ತರುತ್ತೀರಿ. ನೀವು ಬಿಟ್ಟರೆ ಆ ಹುಡುಗನಿಗೆ ಹೈಸ್ಕೂಲಿನ ಕೊನೆಯ ವರ್ಷ ಮತ್ತೆ ಬರುವುದಿಲ್ಲ. ತಂಡಕ್ಕೆ 105 ಜನರ ಮಿತಿ ಬಂದ ಮೇಲಂತೂ ಜಾಗ ಇನ್ನೂ ಬಿಗಿ. ನಿಮ್ಮ ಮನಸ್ಸು ಬದಲಾಗುತ್ತಿದ್ದರೆ ಬದಲಾಗತೊಡಗಿದ ದಿನವೇ ಹೇಳು. ನಿನ್ನ ಹೆಡ್ ಕೋಚ್ ಹೇಳಲು ಹಿಂಜರಿದರೆ ನೀನು ಒತ್ತಾಯ ಮಾಡು.

ಬೇರೆ ಕಾಲೇಜು ನೋಡಲು ಹೋದರೆ ನಿನ್ನ ಜಾಗ ಹೋಯಿತು ಎಂಬ ಕಟ್ಟಳೆ ಎಷ್ಟೋ ತಂಡಗಳಲ್ಲಿದೆ. ಅದು ಸರಿಯೋ ತಪ್ಪೋ, ಇರುವುದಾದರೆ ಒಪ್ಪಿಗೆಯ ದಿನವೇ, ತಾಯಿ ಅಥವಾ ಅಜ್ಜಿ ಎದುರಿಗಿರುವಾಗಲೇ ತಿಳಿಸಿಬಿಡು. ನನ್ನನ್ನು ಕೇಳಿದರೆ, ಹೋಗಿ ನೋಡಿಕೊಂಡು ಬಾ ಎಂದು ಕಳಿಸುವುದೇ ಮೇಲು. ನೋಡಿ ಬಂದು ನಿನ್ನಲ್ಲಿಯೇ ಉಳಿದವನು ಕೊನೆಯ ರಾತ್ರಿ ಅಲ್ಲಾಡುವುದಿಲ್ಲ. ಇನ್ನೂ ಒಂದು. ಬೇರೆಯವರಿಗೆ ಒಪ್ಪಿಗೆ ಕೊಟ್ಟ ಹುಡುಗನೊಬ್ಬನಿಗೆ ಕಳೆದ ಅಕ್ಟೋಬರ್‌ನಲ್ಲಿ ನೀನೇ ದಿನಾ ಮೆಸೇಜ್ ಕಳಿಸುತ್ತಿದ್ದೆ, ನಮ್ಮ ಮನೆಯ ಹಬ್ಬದ ಊಟದ ನಡುವೆ ಎದ್ದು ಹೋಗಿ ಅವನಿಗೆ ಫೋನ್ ಮಾಡಿದ್ದೆ. ಅವನು ನಿಮ್ಮ ಕಡೆ ತಿರುಗಿದಾಗ ನಿನ್ನ ಮುಖ ಎಷ್ಟು ಅರಳಿತ್ತು ಅಂತ ನಿನ್ನ ಅಮ್ಮ ಈಗಲೂ ಹೇಳುತ್ತಾಳೆ. ಆ ರಾತ್ರಿ ಇನ್ನೊಬ್ಬ ಕೋಚ್ ಎಲ್ಲೋ ಫೋನ್ ಹಿಡಿದು ಕೂತಿದ್ದ.

ಸಹಿ ಹಾಕದ ಹುಡುಗನ ಬಗ್ಗೆ ಹೊರಗೆ ಮಾತಾಡಬಾರದು ಎಂದು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮವೇ ಇದೆ. ಆದರೆ ಹೆಸರು ಹೇಳದೆ, ನಿಷ್ಠೆ, ಮಾತಿನ ಬೆಲೆ ಅಂತೆಲ್ಲ ಎರಡು ಸಾಲು ಪೋಸ್ಟ್ ಹಾಕುವ ಕೋಚ್‌ಗಳಿದ್ದಾರೆ. ಅದನ್ನು ಓದಿದ ಅಭಿಮಾನಿಗಳು ಹುಡುಗನ ಪೇಜಿಗೆ ಹೋಗಿ ಬೈಗುಳ ಸುರಿಯುತ್ತಾರೆ, ಬೆಳಗಾಗುವಷ್ಟರಲ್ಲಿ ಸಾವಿರ ಜನ. ಅವನ ತಮ್ಮ ತಂಗಿಯರೂ ಅದನ್ನು ಓದುತ್ತಾರೆ. ಅಂಥ ಕೆಲಸ ನಿನ್ನ ಕೈಯಿಂದ ಆಗಬಾರದು.

2018ರಲ್ಲಿ ಪೋರ್ಟಲ್ ಬಂದ ಮೇಲೆ, 2021ರಲ್ಲಿ ಒಂದು ವರ್ಷ ಆಡದೆ ಕೂರುವ ಶಿಕ್ಷೆ ತೆಗೆದ ಮೇಲೆ, ಒಮ್ಮೆ ಬೇಡ ಅಂದ ಹುಡುಗ ಎರಡು ವರ್ಷಕ್ಕೆ ಅದೇ ಬಾಗಿಲು ತಟ್ಟುವುದು ಸಾಮಾನ್ಯವಾಗಿದೆ. ಬಂದರೆ ಬರಲಿ. ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಒಳ್ಳೆಯವನಾಗಬೇಡ, ಹದಿನೇಳರ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ.

ನಿನ್ನ ಹುಡುಗನಿಗೆ ನಾಳೆ ಶಾಲೆ ಬಿಟ್ಟ ಮೇಲೆ ನೀನೇ ಫೋನ್ ಮಾಡು. ನಿನ್ನೆ ಇಟ್ಟುಬಿಟ್ಟಿದ್ದು ನನ್ನ ತಪ್ಪು ಅನ್ನು. ಅವನ ಮನಸ್ಸು ತಿರುಗಿಸಲು ಒಂದು ಮಾತೂ ಆಡಬೇಡ. ಅವನು ಹೋಗುವ ಕಾಲೇಜಿಗೂ ನಿಮಗೂ ಬರುವ ವರ್ಷ ಪಂದ್ಯ ಇದೆ ಅಂದೆಯಲ್ಲ. ಆಟ ಮುಗಿದು ಎರಡೂ ತಂಡ ಮೈದಾನದ ನಡುವೆ ಸೇರಿದಾಗ ಅವನನ್ನು ಹುಡುಕಿಕೊಂಡು ಹೋಗು. ಅಜ್ಜಿಯ ಮಂಡಿ ಈಗ ಹೇಗಿದೆ ಅಂತ ಕೇಳು.