ರಿಸೀವರ್ ತಂಡ ಬದಲಿಸಿದಾಗ

ಪುಟ್ಟಾ, ಸೀಸನ್ ಅರ್ಧ ಕಳೆದ ಹೊತ್ತಿಗೆ ನಿನ್ನ ವೈಡ್ ರಿಸೀವರ್ ಬೇರೆ ತಂಡಕ್ಕೆ ಟ್ರೇಡ್ ಆದ ಅಂತ ಸುದ್ದಿ ಬಂದರೆ ನಿನ್ನ ಆಫೀಸಿನ ಎನ್‌ಎಫ್‌ಎಲ್ ಫ್ಯಾಂಟಸಿ ಲೀಗಿನಲ್ಲಿ ದೊಡ್ಡ ಗದ್ದಲವೇ ಏಳುತ್ತೆ. ಹೊಸ ತಂಡ ಗೆಲ್ಲುವ ತಂಡ, ಕ್ವಾರ್ಟರ್‌ಬ್ಯಾಕ್ ಹೆಸರುವಾಸಿ, ಇನ್ನು ಪಾಯಿಂಟ್ಸ್ ಸುರಿಮಳೆಯೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೀನು ಮಾತ್ರ ಸ್ವಲ್ಪ ತಡೆದು ಯೋಚಿಸು. ಆಟಗಾರ ಎಷ್ಟು ಗಟ್ಟಿಗ ಅನ್ನುವುದು ಆಮೇಲಿನ ಮಾತು. ಹೊಸ ತಂಡದಲ್ಲಿ ಅವನ ಕಡೆಗೆ ಎಷ್ಟು ಚೆಂಡು ಬರುತ್ತೆ ಅನ್ನುವುದು ಮೊದಲ ಮಾತು.

ಅಮಾರಿ ಕೂಪರ್‌ನನ್ನೇ ನೋಡು. ಸೀಸನ್ ನಡುವೆ ಎರಡು ಸಲ ಟ್ರೇಡ್ ಆದವನು. 2018ರ ಅಕ್ಟೋಬರ್‌ನಲ್ಲಿ ಓಕ್ಲಂಡ್ ರೈಡರ್ಸ್‌ನಿಂದ ಡಾಲಸ್ ಕೌಬಾಯ್ಸ್‌ಗೆ ಬಂದ. ರೈಡರ್ಸ್ ಪರ 6 ಪಂದ್ಯಗಳಲ್ಲಿ ಅವನು ಹಿಡಿದದ್ದು 22 ಕ್ಯಾಚ್, 280 ಯಾರ್ಡ್. ಕ್ಯಾಚಿಗೊಂದು ಪಾಯಿಂಟ್ ಕೊಡುವ ನಿಮ್ಮಂಥ ಲೀಗಿನಲ್ಲಿ ಪಂದ್ಯಕ್ಕೆ ಒಂಬತ್ತು ಚಿಲ್ಲರೆ. ಡಾಲಸ್ ಅವನಿಗಾಗಿ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ ಕೊಟ್ಟಾಗ ಎಷ್ಟೋ ಜನ ಡಾಲಸ್‌ಗೆ ಬುದ್ಧಿ ಕೆಟ್ಟಿದೆ ಅಂದರು. ಆದರೆ ಆ ವರ್ಷ ಡಾಲಸ್‌ನಲ್ಲಿ ಡೆಜ್ ಬ್ರಯಂಟ್ ಇರಲಿಲ್ಲ, ಜೇಸನ್ ವಿಟನ್ ನಿವೃತ್ತನಾಗಿದ್ದ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಚೆಂಡು ಎಸೆಯೋಣ ಅಂದರೆ ನೆಚ್ಚಿಕೊಳ್ಳುವಂಥ ಕೈ ಇರಲಿಲ್ಲ. ಆ ಜಾಗಕ್ಕೇ ಕೂಪರ್ ಬಂದು ಕೂತ. 9 ಪಂದ್ಯಗಳಲ್ಲಿ 53 ಕ್ಯಾಚ್, 725 ಯಾರ್ಡ್, 6 ಟಚ್‌ಡೌನ್. ಪಂದ್ಯಕ್ಕೆ ಹದಿನೆಂಟರ ಹತ್ತಿರ.

ಆ ಡಿಸೆಂಬರ್ 9ರಂದು ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ 10 ಕ್ಯಾಚ್, 217 ಯಾರ್ಡ್, 3 ಟಚ್‌ಡೌನ್. ಓವರ್‌ಟೈಮ್‌ನಲ್ಲಿ ಎದುರಾಳಿ ರಸುಲ್ ಡಗ್ಲಸ್‌ನ ಕೈಗೆ ತಾಗಿ ಮೇಲಕ್ಕೆ ಚಿಮ್ಮಿದ ಚೆಂಡನ್ನು ಹಿಡಿದು ನೇರ ಎಂಡ್ ಝೋನ್‌ಗೆ ನುಗ್ಗಿದ. ಲೆಕ್ಕ ಹಾಕು: ಕ್ಯಾಚಿಗೆ 10, ಯಾರ್ಡಿಗೆ 21.7, ಟಚ್‌ಡೌನಿಗೆ 18. ಒಟ್ಟು 49.7. ಹೆಚ್ಚಿನ ಲೀಗುಗಳಲ್ಲಿ ಅದು ಪ್ಲೇಆಫ್ ಶುರುವಾದ ವಾರ.

ಆದರೆ ಆ ಫಲ ತಕ್ಷಣ ಸಿಕ್ಕಿದ್ದಲ್ಲ. 7ನೇ ವಾರ ರೈಡರ್ಸ್‌ಗೆ ಬೈ, ಅಂದರೆ ಪಂದ್ಯವಿಲ್ಲದ ವಾರ; 8ನೇ ವಾರ ಡಾಲಸ್‌ಗೆ ಬೈ. ಸಾಲಾಗಿ ಎರಡು ವಾರ ಸೊನ್ನೆ. ಆ ಎರಡು ವಾರ ತಾಳ್ಮೆಗೆಟ್ಟು ಅವನನ್ನು ಕೈಬಿಟ್ಟವರು ಮುಂದಿನದನ್ನೆಲ್ಲ ಕಳೆದುಕೊಂಡರು. ಟ್ರೇಡ್ ಆದ ದಿನವೇ ಎರಡೂ ತಂಡಗಳ ಬೈ ವಾರ ನೋಡಿಕೋ.

ಈಗ 2024ಕ್ಕೆ ಬಾ. ಅದೇ ಕೂಪರ್ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಿಂದ ಬಫಲೊ ಬಿಲ್ಸ್‌ಗೆ ಹೋದ. ಚೆಂಡು ಎಸೆಯುವವನು ಜಾಶ್ ಆ್ಯಲನ್, ಆ ವರ್ಷದ ಎಂವಿಪಿ. ಮೊದಲ ಪಂದ್ಯದಲ್ಲೇ 66 ಯಾರ್ಡ್, ಒಂದು ಟಚ್‌ಡೌನ್. ಆ ವಾರ ಅವನನ್ನು ಮಾರಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು. ಮಾರಲೂಬೇಕಿತ್ತು, ಯಾಕೆಂದರೆ ಬಿಲ್ಸ್ ಆ ವರ್ಷ ಚೆಂಡನ್ನು ಎಲ್ಲರಿಗೂ ಹಂಚಿ ಆಡುತ್ತಿದ್ದ ತಂಡ. ತಂಡದಲ್ಲೇ ಹೆಚ್ಚು ಯಾರ್ಡ್ ಗಳಿಸಿದ ಖಲೀಲ್ ಶಕೀರ್‌ನದೂ ಇಡೀ ಸೀಸನ್ನಿಗೆ 821 ಮಾತ್ರ. ಮಣಿಕಟ್ಟಿನ ಗಾಯವೂ ಸೇರಿ, ಕೂಪರ್ 8 ಪಂದ್ಯಗಳಲ್ಲಿ 20 ಕ್ಯಾಚ್‌ಗೆ ನಿಂತ. ಪಂದ್ಯಕ್ಕೆ ಎಂಟೂ ಇಲ್ಲ. ಕ್ರಿಕೆಟ್‌ನಲ್ಲೂ ಏಳನೇ ಕ್ರಮಾಂಕದಲ್ಲಿ ಇಳಿಯುವ ಬ್ಯಾಟ್ಸ್‌ಮನ್ ಎಷ್ಟೇ ಗಟ್ಟಿಗನಾದರೂ ಅವನಿಗೆ ಸಿಗುವುದು ಕೊನೆಯ ನಾಲ್ಕಾರು ಓವರ್ ತಾನೆ?

ಕೊಟ್ಟ ಬೆಲೆಯಿಂದಲೂ ಒಂದಷ್ಟು ತಿಳಿಯುತ್ತೆ. ಮೊದಲ ಸುತ್ತಿನ ಪಿಕ್ ಕೊಟ್ಟವರು ಆಡಿಸಿಯೇ ಆಡಿಸುತ್ತಾರೆ. ಹಾಗಂತ ಅದನ್ನೊಂದನ್ನೇ ನಂಬಬೇಡ. ಕೂಪರ್ ಬಫಲೊಗೆ ಹೋದ ದಿನವೇ ಡವಾಂಟೆ ಆ್ಯಡಮ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಬಂದ; ಎರಡೂ ಕಡೆ ಕೊಟ್ಟದ್ದು ಮೂರನೇ ಸುತ್ತಿನ ಪಿಕ್ಕೇ. ಆ್ಯಡಮ್ಸ್‌ಗೆ ಮೊದಲ ಪಂದ್ಯ 3 ಕ್ಯಾಚ್, 30 ಯಾರ್ಡ್ ಅಷ್ಟೆ. ಆದರೆ ಎಸೆಯುವವನು ಆ್ಯರನ್ ರಾಜರ್ಸ್. ಗ್ರೀನ್ ಬೇಯಲ್ಲಿ ಎಂಟು ಸೀಸನ್ ಇವರಿಬ್ಬರೂ ಒಟ್ಟಿಗೆ ಆಡಿದವರು. ಆ್ಯಡಮ್ಸ್ ಎತ್ತ ತಿರುಗುತ್ತಾನೆ ಅಂತ ರಾಜರ್ಸ್‌ಗೆ ಹೇಳಿಕೊಡಬೇಕಿರಲಿಲ್ಲ. 11 ಪಂದ್ಯಗಳಲ್ಲಿ 854 ಯಾರ್ಡ್, 7 ಟಚ್‌ಡೌನ್ ಬಂತು. ಹಾಗಾಗಿ ಮೊದಲ ವಾರದ ಪಾಯಿಂಟ್ಸ್ ನೋಡಿ ಹಿಗ್ಗಲೂ ಬೇಡ, ಕುಗ್ಗಲೂ ಬೇಡ. ಎಷ್ಟು ಸ್ನ್ಯಾಪ್‌ಗೆ ಅಂಗಳದಲ್ಲಿದ್ದ, ಎಷ್ಟು ಟಾರ್ಗೆಟ್ ಬಂತು, ಅದನ್ನು ಎರಡು ಮೂರು ವಾರ ಬರೆದಿಟ್ಟುಕೋ.

ಇನ್ನೊಂದು ಮಾತು. ಬಹಳ ಜನ ಮರೆಯುವುದೇ ಇದನ್ನು. ಆಟಗಾರ ಹೋದ ಕಡೆ ನೋಡುವಷ್ಟೇ, ಬಿಟ್ಟು ಬಂದ ಕಡೆಯೂ ನೋಡು. ಕೂಪರ್ ಹೊರಟ ಮೇಲೆ ಕ್ಲೀವ್‌ಲ್ಯಾಂಡ್‌ನಲ್ಲಿ ಅವನ ಪಾಲಿನ ಚೆಂಡು ಯಾರಿಗಾದರೂ ಹೋಗಲೇಬೇಕಿತ್ತಲ್ಲ? ಜೆರಿ ಜೂಡಿಗೆ ಹೋಯಿತು. ಜೇಮಿಸ್ ವಿನ್‌ಸ್ಟನ್ ಕ್ವಾರ್ಟರ್‌ಬ್ಯಾಕ್ ಆಗಿ ಬಂದದ್ದೂ ಅನುಕೂಲವಾಯಿತು. ಜೂಡಿ ಡೆನ್ವರ್ ವಿರುದ್ಧ ಒಂದೇ ರಾತ್ರಿ 235 ಯಾರ್ಡ್ ಹೊಡೆದ. ಸೀಸನ್ ಮುಗಿಸಿದ್ದು 1,229 ಯಾರ್ಡಿಗೆ. ಊರೆಲ್ಲ ಹೋದವನ ಬಗ್ಗೆ ಮಾತಾಡುತ್ತಿರುವಾಗ ಉಳಿದವನು ಎಷ್ಟೋ ಲೀಗುಗಳಲ್ಲಿ ಅಗ್ಗಕ್ಕೆ ಸಿಗುತ್ತಾನೆ. ಟ್ರೇಡ್ ಸುದ್ದಿ ಬಂದರೆ ಅಂಥವನು ನಿಮ್ಮ ವೇವರ್ ಪಟ್ಟಿಯಲ್ಲಿದ್ದಾನಾ ಅಂತ ಮೊದಲು ನೋಡು. ಇದ್ದರೆ ಬುಧವಾರ ಬೆಳಗಿನವರೆಗೆ ಕಾಯಬೇಡ, ಮಂಗಳವಾರ ರಾತ್ರಿಯೇ ಅವನಿಗೆ ಬಿಡ್ ಹಾಕಿ ಮಲಗು.