ಹೊಸನೀರಿಗೆ ಏರುವ ಮೀನು: ‘ವಲಸೆ’ ಕುರಿತು ಒಂದು ಪಾಠ ಯೋಜನೆ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆ
ಅವಧಿ: 40 ನಿಮಿಷ

ಹಿನ್ನೆಲೆ
ವಲಸೆ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಹಕ್ಕಿಗಳು. ಸಿರುಗುಪ್ಪದ ಬದಿಯಲ್ಲೇ ಹರಿಯುವ ತುಂಗಭದ್ರೆಯಲ್ಲಿ ಮೀನುಗಳೂ ವಲಸೆ ಹೋಗುತ್ತವೆ. ಸತ್ಯನಾರಾಯಣಪೇಟೆಯಂತಹ ನಗರ ಬಡಾವಣೆಯ ಮಕ್ಕಳಿಗೆ ಮೀನು ಪರಿಚಯವಾಗುವುದು ಮಾರುಕಟ್ಟೆಯಲ್ಲಿ. ಅಲ್ಲಿಂದ ಹೊಳೆಯವರೆಗೆ ಅವರನ್ನು ಕರೆದೊಯ್ಯುವುದು ಈ ಪಾಠದ ಆಶಯ.

ಕಲಿಕಾ ಉದ್ದೇಶಗಳು
1. ಮೀನಿನ ವಲಸೆಗೆ ಕಾರಣಗಳನ್ನು ವಿವರಿಸುವರು.
2. ಅಣೆಕಟ್ಟಿನ ಪರಿಣಾಮವನ್ನು ವಿಶ್ಲೇಷಿಸುವರು.

ಕಲಿಕೋಪಕರಣಗಳು: ಕರ್ನಾಟಕದ ನದಿ ನಕ್ಷೆ, ಮೀನಿನ ಚಿತ್ರಪಟಗಳು.

ತೊಡಗಿಸಿಕೊಳ್ಳುವಿಕೆ
ಪ್ರಶ್ನೆ: ಹೊಸನೀರು ಬಂದಾಗ ಗಾಳ ಹಾಕುವವರು ಹೊಳೆಗೆ ಹೋಗುವುದೇಕೆ?

ಪರಿಶೋಧನೆ
ನಕ್ಷೆಯಲ್ಲಿ ಮಕ್ಕಳು ತುಂಗಾ, ಭದ್ರಾ ನದಿಗಳು ಸೇರುವ ಕೂಡಲಿ, ಹೊಸಪೇಟೆ ಬಳಿಯ ಅಣೆಕಟ್ಟು ಮತ್ತು ಸಿರುಗುಪ್ಪವನ್ನು ಗುರುತಿಸಲಿ. ಮಳೆ ಮಲೆನಾಡಿನಲ್ಲಿ, ಪ್ರವಾಹ ನಮ್ಮಲ್ಲಿ ಎಂಬುದನ್ನು ಅವರೇ ಕಂಡುಕೊಳ್ಳಲಿ.

ವಿವರಿಸುವಿಕೆ
ಕಾಟ್ಲಾ, ರೋಹು, ಮೃಗಾಲ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಸಹಜವಾಗಿ ಮೊಟ್ಟೆಯಿಡಲು ಮುಂಗಾರಿನ ಹರಿವು ಬೇಕು. ಕೆಂಪು ನೀರು ಏರಿದಾಗ ಅವು ಪ್ರವಾಹಕ್ಕೆ ಎದುರಾಗಿ ಈಜಿ, ದಡದ ತಗ್ಗು ನೀರಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ. ಕೊರವ ಮೀನು ಇದಕ್ಕೆ ವ್ಯತಿರಿಕ್ತ: ಜೊಂಡು ಬೆಳೆದ ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು ಮರಿಗಳನ್ನು ಕಾಯುತ್ತದೆ. ಅಮೆರಿಕದ ಪಟ್ಟೆ ಬಾಸ್ ಮೀನು ವಸಂತದಲ್ಲಿ ಸಮುದ್ರದಿಂದ ನದಿಗೆ ಬರುತ್ತದೆ. ಅದಕ್ಕೆ ಸೂಚನೆ ನೀರು ಬೆಚ್ಚಗಾಗುವುದು, ನಮ್ಮ ಮೀನಿಗೆ ಹೊಳೆ ತುಂಬುವುದು.

ವಿಸ್ತರಿಸುವಿಕೆ
1953ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಮೀನಿನ ಮೇಲ್ದಾರಿ ಮುಚ್ಚಿತು. ಕೆಳಗೆ ನೀರು ಯಾವಾಗ, ಎಷ್ಟು ಏರಬೇಕೆಂಬುದನ್ನು ಈಗ ಬಹುಮಟ್ಟಿಗೆ ಗೇಟುಗಳೇ ನಿರ್ಧರಿಸುತ್ತವೆ. ಹಾಗಾದರೆ ಕೆರೆಗಳಿಗೆ ಮರಿ ಎಲ್ಲಿಂದ? 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವೇ ರಾಷ್ಟ್ರೀಯ ಮೀನು ಕೃಷಿಕರ ದಿನ. ಹಾರ್ಮೋನುಗಳ ಪಾಠಕ್ಕೆ ಇದು ಒಳ್ಳೆಯ ಕೊಂಡಿ.

ಮೌಲ್ಯಮಾಪನ
1. ಕಾಟ್ಲಾ ಮೀನು ಕೆರೆಯಲ್ಲಿ ಬೆಳೆದರೂ ಅಲ್ಲಿ ಸಹಜವಾಗಿ ಮೊಟ್ಟೆಯಿಡದು. ಏಕೆ?
2. ಮೊದಲ ಪ್ರವಾಹದಲ್ಲೇ ಮೊಟ್ಟೆ ತುಂಬಿದ ಮೀನು ಹಿಡಿದರೆ ಮುಂದಿನ ವರ್ಷ ಏನಾದೀತು?

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ
ಎರಡನೆಯ ಪ್ರಶ್ನೆಯನ್ನು ಜಾಗ್ರತೆಯಿಂದ ಕೇಳಬೇಕು. ತರಗತಿಯಲ್ಲಿ ಮೀನುಗಾರರ ಮಕ್ಕಳಿರಬಹುದು. ಮೀನು ಹಿಡಿಯುವುದೇ ತಪ್ಪು ಎಂಬ ಧ್ವನಿ ಬಂದರೆ ಆ ಮಗು ಬಾಯಿ ಮುಚ್ಚಿ ಕೂರುತ್ತದೆ. ತರಗತಿಯಲ್ಲಿ ಹೊಳೆಯನ್ನು ಬಲ್ಲ ಒಂದೇ ದನಿಯೂ ನಿಲ್ಲುತ್ತದೆ. “ನಿಮ್ಮ ಮನೆಯಲ್ಲಿ ಯಾವ ತಿಂಗಳು ಯಾವ ಮೀನು ಬರುತ್ತದೆ?” ಎಂದು ಮೊದಲು ಕೇಳಿ, ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಸಂರಕ್ಷಣೆಯ ಚರ್ಚೆ ಆ ಪಟ್ಟಿಯಿಂದಲೇ ಆರಂಭವಾಗಲಿ.