ದಾರ ಕಟ್ಟಿದ ಪೆನ್ನು

ಮಕ್ಕಳೇ,

ಅಕ್ಕ-ತಮ್ಮ ಇಬ್ಬರೂ ಈ ವರ್ಷ ಒಟ್ಟಿಗೇ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಹೊರಟಿದ್ದೀರಿ. ಚಕ್ಕುಲಿ ಡಬ್ಬಿ, ಹೊದಿಕೆ ಎಲ್ಲ ನಿಮ್ಮಮ್ಮ ಕಟ್ಟಿದ್ದಾಳೆ. ಅಜ್ಜಿಯ ಪಾಲಿಗೆ ಉಳಿದಿರುವುದು ನಾಲ್ಕು ಮಾತು.

ನಾನು ಪಾಠ ಹೇಳುತ್ತಲೇ ವಾರ್ಡನ್ ಕೆಲಸವನ್ನೂ ಮಾಡಿದವಳು. ಹುಡುಗಿಯರ ಹಾಸ್ಟೆಲ್ ಬಾಗಿಲಲ್ಲಿ ಒಂದು ರಿಜಿಸ್ಟರ್, ಅದಕ್ಕೆ ದಾರ ಕಟ್ಟಿದ ಪೆನ್ನು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಬರೆದೇ ಹೊರಬೀಳಬೇಕು. ಹುಡುಗರ ಹಾಸ್ಟೆಲ್ಲಿನಲ್ಲಿ ಅದಿರಲಿಲ್ಲ, ಪುಣ್ಯವಂತರು ಅಂದುಕೊಂಡಿದ್ದೆ. ಒಮ್ಮೆ ಅಲ್ಲೊಬ್ಬ ಹುಡುಗ ನಾಲ್ಕು ದಿನ ಮೆಸ್ಸಿಗೇ ಬರಲಿಲ್ಲ. ಫೇಲಾದದ್ದನ್ನು ಅಪ್ಪನಿಗೆ ಹೇಳಲಾರದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಯಾಕೋ ಅಂತ ಪಕ್ಕದ ಮಂಚದವನೂ ಕೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ಪ್ರಶ್ನೆಗಳ ಕಾಟ, ಗಂಡುಮಕ್ಕಳಿಗೆ ಕೇಳುವವರೇ ಇಲ್ಲದ ಕಾಟ ಅಂತ ಆವತ್ತು ಗೊತ್ತಾಯಿತು.

ಯಾರನ್ನು ಏನು ಕೇಳುತ್ತಾರೆ ಎಂಬ ಈ ಭೇದ ಸಂಶೋಧನೆಯಲ್ಲೂ ಇತ್ತು. 1966ರಲ್ಲಿ ಜೇಮ್ಸ್ ಮಾರ್ಷಿಯಾ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳನ್ನು ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ ಕೇಳಿ, ತಮ್ಮನ್ನು ತಾವು ಹೇಗೆ ಕಂಡುಕೊಂಡಿದ್ದಾರೆ ಎಂಬುದರ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸಿದರು. ತಾವಾಗಿ ಹುಡುಕಾಡದೆ ದೊಡ್ಡವರು ಕೊಟ್ಟ ಉತ್ತರವನ್ನೇ ತಮ್ಮದೆಂದುಕೊಂಡವರು ಅದರಲ್ಲೊಂದು ಬಗೆ. ಆ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ! ಹುಡುಗಿಯರನ್ನು ಮಾತಾಡಿಸಿದ್ದು ಆಮೇಲೆ. 1987ರಲ್ಲಿ ರೂಥೆಲೆನ್ ಜೋಸೆಲ್ಸನ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಪುಸ್ತಕದಲ್ಲಿ, ಹೆಣ್ಣು ತನ್ನನ್ನು ಕಂಡುಕೊಳ್ಳುವುದರಲ್ಲಿ ನಂಟುಗಳ ಪಾತ್ರ ದೊಡ್ಡದು ಎಂದು ತೋರಿಸಿದರು.

ಪುಟ್ಟೀ, ನಂಟು ನಿನ್ನ ಬಲವೇ ಹೊರತು ಕುಂದಲ್ಲ. ಆದರೆ ‘ಓದು ಮುಗೀಲಿ, ಒಳ್ಳೇ ಕಡೆ ನೋಡೋಣ’ ಅನ್ನುವವರಿಗೆಲ್ಲ ಉತ್ತರ ಕೊಡುವುದರಲ್ಲೇ ದಣಿಯಬೇಡ. ನಿನಗೇನು ಬೇಕು ಅಂತ ನಿನ್ನನ್ನು ನೀನು ಕೇಳಿಕೊಳ್ಳುವಷ್ಟು ಉಸಿರು ಉಳಿಸಿಕೋ.

ಪುಟ್ಟಾ, ನಿನ್ನನ್ನು ಊರೆಲ್ಲ ಕೇಳುವುದು ‘ಪ್ಯಾಕೇಜ್ ಎಷ್ಟು?’ ಅಂತ ಒಂದೇ. ಸಂಬಳದ ಅಂಕಿ ನಿನ್ನ ಹೆಸರಲ್ಲ. ಹಿಡಿದ ದಾರಿ ಒಗ್ಗಲಿಲ್ಲವೆಂದರೆ ಬಾಯಿಬಿಟ್ಟು ಹೇಳು, ಗಂಡಸುತನಕ್ಕೇನೂ ಮುಕ್ಕಾಗದು.

ಭಾನುವಾರಕ್ಕೊಮ್ಮೆ ಒಬ್ಬರಿಗೊಬ್ಬರು ಫೋನ್ ಮಾಡಿ. ಅಕ್ಕನನ್ನು ‘ಯಾರ ಜೊತೆ ಇದ್ದೀ’ ಅಂತ ಕೇಳಬೇಡ, ‘ಈ ವಾರ ಹೊಸದಾಗಿ ಏನು ಓದಿದೆ’ ಅಂತ ಕೇಳು. ತಮ್ಮನನ್ನು ‘ಮಾರ್ಕ್ಸ್ ಎಷ್ಟು ಬಂತು’ ಅಂತ ಕೇಳಬೇಡ, ‘ಊಟ ಮಾಡಿದ್ಯಾ’ ಅಂತ ಕೇಳು.

ಬಸ್ಸಿಗೆ ಹೊತ್ತಾಯಿತು, ಹೊರಡಿ.

ನಿಮ್ಮ ಅಜ್ಜಿ